ಕಾಕಾ ಕಳ್ಳ

ಹೋದ ತಿಂಗಳು ನಮ್ಮ ಶಾಲೆಗೆ ಹೊಸ ಹೆಡ್‌ಮಾಸ್ತರರು ಬಂದರು. ನಮ್ಮದು ಅಥಣಿ ತಾಲೂಕಿನ ಒಂದು ಹಳ್ಳಿಯ ಶಾಲೆ. ಅವರು ತುಮಕೂರಿನ ಕಡೆಯವರು, ಮೆಲುಮಾತಿನ ಮನುಷ್ಯ. ಬಂದ ಮೂರನೆಯ ದಿನ ನಾನು ಅವರ ಕೋಣೆಗೆ ಹೋಗಿ, ಶನಿವಾರ ಬಿಸಿಯೂಟದ ಹೊತ್ತು ಬೇರೆ, ಅವತ್ತು ಅಕ್ಕಿಯನ್ನು ಒಂದು ತಾಸು ಮುಂಚೆಯೇ ಅಳೆದು ಕೊಡಬೇಕು ಎಂದು ವಿವರಿಸಿ, ಕೊನೆಗೆ ಅಭ್ಯಾಸಬಲದಿಂದ "ಕಳ್ಳ?" ಎಂದುಬಿಟ್ಟೆ. ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತು, "ಯಾರು ಮೇಡಂ?" ಎಂದರು. ಅಕ್ಕಿಯ ಮಾತಿನ ಬೆನ್ನಿಗೇ ಆ ಶಬ್ದ ಬಂದರೆ ಯಾವ ಹೆಡ್‌ಮಾಸ್ತರರಿಗಾದರೂ ಗಾಬರಿಯಾಗುತ್ತದೆ.

ಯಾರೂ ಅಲ್ಲ. ನಮ್ಮ ಕಡೆಯ ಮರಾಠಿಯಲ್ಲಿ "ಕಳ್ಳ" ಎಂದರೆ "ತಿಳಿಯಿತು". ದನಿ ಸ್ವಲ್ಪ ಏರಿಸಿದರೆ "ತಿಳಿಯಿತೆ?" ಪುಸ್ತಕದ ಮರಾಠಿಯಲ್ಲಿ ಅದನ್ನು "ಕಳಲಂ" ಎಂದು ಬಿಡಿಸಿ ಹೇಳುತ್ತಾರೆ. ಆದರೆ ಪುಣೆಯವರಿಗೆ ಇರುವಷ್ಟು ಪುರುಸೊತ್ತು ಕೊಲ್ಹಾಪುರದವರಿಗೂ ನಿಪ್ಪಾಣಿಯವರಿಗೂ ಇಲ್ಲ; ಅವರ ಬಾಯಲ್ಲಿ ಅದು ಉಂಡೆ ಕಟ್ಟಿ "ಕಳ್ಳ" ಆಗಿದೆ. ನನ್ನ ಅಪ್ಪನ ಮನೆ ಅಪ್ಪಟ ಕನ್ನಡದ್ದು, ಅವ್ವನ ತವರು ನಿಪ್ಪಾಣಿ. ಅವ್ವನ ಜೊತೆಗೆ ಈ ಮನೆಗೆ ಒಂದು ಟ್ರಂಕು, ಎರಡು ತಾಮ್ರದ ಹಂಡೆ ಮತ್ತು ಈ ಒಂದು ಶಬ್ದ ಬಂದವು. ಹಂಡೆಗಳು ಎಂದೋ ಅಟ್ಟ ಸೇರಿವೆ, ಶಬ್ದ ಮಾತ್ರ ನನ್ನ ನಾಲಿಗೆಗೆ ಅಂಟಿಕೊಂಡಿದೆ.

ನಿಪ್ಪಾಣಿಯ ನನ್ನ ಆಜಿಗಂತೂ ಅದಿಲ್ಲದೆ ಮಾತೇ ಮುಗಿಯುತ್ತಿರಲಿಲ್ಲ. ಆಕೆಯ ಗಲ್ಲಿಯಲ್ಲಿ ಸದಾ ತಂಬಾಕಿನ ಘಾಟು. ರಜೆಗೆ ಹೋದರೆ ಮೊದಲ ಎರಡು ದಿನ ನಾನು ಸೀನುತ್ತಲೇ ಇರುತ್ತಿದ್ದೆ. ಆ ಎರಡು ದಿನದಲ್ಲಿ ಆಜಿ ನನಗೆ ರೊಟ್ಟಿ ಬಡಿಯುವುದರಿಂದ ಹಿಡಿದು ದೇವರಿಗೆ ಕೈಮುಗಿಯುವವರೆಗೆ ಎಲ್ಲವನ್ನೂ ಹೇಳಿಕೊಟ್ಟು, ಪ್ರತಿಯೊಂದಕ್ಕೂ "ಕಳ್ಳ?" ಎಂದು ರಶೀದಿ ಕೇಳುತ್ತಿದ್ದಳು. ಒಮ್ಮೆ ಆ ಗಲ್ಲಿಗೆ ಹೊಸದಾಗಿ ಬಂದ ಪೊಲೀಸ್ ಪೇದೆ, ಓಣಿಯಲ್ಲಿ ಅಡ್ಡಾದಿಡ್ಡಿ ಗಾಡಿ ನಿಲ್ಲಿಸಬೇಡಿ ಎಂದು ಮನೆಮನೆಗೆ ಹೇಳುತ್ತ ಬಂದ. ಕಟ್ಟೆಯ ಮೇಲೆ ಕೂತಿದ್ದ ಆಜಿ "ಕಳ್ಳ, ಕಳ್ಳ" ಎಂದು ತಲೆಯಾಡಿಸಿ, ಇನ್ನು ಮುಂದಿನ ಮನೆಗೆ ಹೋಗು ಎಂಬಂತೆ ಕೈಬೀಸಿದಳು. ಅವನು ಲಾಠಿ ಹಿಡಿದು ಆಕೆ ಕೈ ತೋರಿಸಿದ ದಿಕ್ಕಿಗೆ ಓಡಿದ. ಅಲ್ಲಿ ಭಡಂಗ, ಅಂದರೆ ಖಾರದ ಚುರುಮುರಿ, ಮಾರುವವನೊಬ್ಬ ನಿಂತಿದ್ದ, ಅವನೂ ಬುಟ್ಟಿ ಎತ್ತಿಕೊಂಡು ಓಡಿದ. ಯಾಕೆ ಓಡಿದೆ ಎಂದು ಆಮೇಲೆ ಕೇಳಿದರೆ, "ಪೊಲೀಸ ಓಡಾಕತ್ತಿದ್ರಿ, ನಾ ಹೆಂಗ ನಿಂದರ್ಲಿ" ಎಂದನಂತೆ.

ಇದನ್ನೆಲ್ಲ ನಗುತ್ತ ಹೇಳುತ್ತೇನೆ. ಆದರೆ ಇದೇ ಶಬ್ದ ಒಮ್ಮೆ ನನ್ನನ್ನು ಚೆನ್ನಾಗಿ ಅಳಿಸಿದೆ. ಅದನ್ನು ಹೇಳಬೇಕಾದರೆ ನನ್ನ ಹದಿನೇಳನೆಯ ವಯಸ್ಸಿನ ಅವತಾರವನ್ನು ನಿಮಗೆ ತೋರಿಸಬೇಕು. ಸ್ವಲ್ಪ ನಾಚಿಕೆಯಾಗುತ್ತದೆ, ಇರಲಿ.

ಆಗ ನಾನು ಚಿಕ್ಕೋಡಿಯಲ್ಲಿ ಪಿಯುಸಿ ಎರಡನೆಯ ವರ್ಷ ಓದುತ್ತಿದ್ದೆ. ಓದುತ್ತಿದ್ದೆ ಎಂಬುದು ಹಾಜರಿ ಪುಸ್ತಕದ ಮಾತು. ನಿಜವಾಗಿ ಮಾಡುತ್ತಿದ್ದದ್ದು ವಾದ. ಅಪ್ಪ ಬಸ್ ಕಂಡಕ್ಟರ್; ಅವರ ಹಳೆಯ ಮೊಬೈಲು ನನ್ನ ಪಾಲಿಗೆ ಬಂದಿತ್ತು. ಅದರ ಗಾಜು ಕೆಳಗಿನ ಬಲಮೂಲೆಯಲ್ಲಿ ಒಡೆದಿತ್ತು. ಆ ಮೂಲೆಯಲ್ಲಿದ್ದ ಪ್ರಶ್ನಾರ್ಥಕ ಚಿಹ್ನೆಯ ಗುಂಡಿ ಎಷ್ಟು ಒತ್ತಿದರೂ ಮೂಡುತ್ತಿರಲಿಲ್ಲ. ಹೀಗಾಗಿ ನಾನು ಪ್ರಶ್ನೆ ಕೇಳುವುದನ್ನು ಬಿಟ್ಟು ಬರೀ ಹೇಳಿಕೆ ಕೊಡುವವಳಾದೆ. ಆ ವಯಸ್ಸಿನಲ್ಲಿ ಅದು ದೊಡ್ಡ ಕೊರತೆ ಎಂದು ನನಗೆ ಅನಿಸಲೂ ಇಲ್ಲ.

ನಮ್ಮೂರು ಚಿಕ್ಕೋಡಿ ಹತ್ತಿರದ ಕರೋಶಿಯಿಂದ ಇನ್ನೂ ಆಚೆ, ಗಡಿಯ ಕಡೆಗೆ. ಮನೆಯೊಳಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಮಾಳಿಗೆ ಹತ್ತಿ ಪೂರ್ವದ ಮೂಲೆಗೆ ನಿಂತರೆ ಕರ್ನಾಟಕ ಸಿಗುತ್ತಿತ್ತು. ಪಶ್ಚಿಮದ ಮೂಲೆಗೆ ನಾಲ್ಕು ಹೆಜ್ಜೆ ಸರಿದರೆ ಮೊಬೈಲು "ಮಹಾರಾಷ್ಟ್ರಕ್ಕೆ ಸ್ವಾಗತ" ಎನ್ನುತ್ತಿತ್ತು. ಎರಡು ರಾಜ್ಯಗಳು ಗಡಿಗಾಗಿ ಜಗಳವಾಡುತ್ತಿರುವಾಗ ನಾನು ಅವೆರಡರ ನಡುವೆ ಹಪ್ಪಳ ಒಣಹಾಕಿಕೊಂಡು ಜಗತ್ತನ್ನು ತಿದ್ದುತ್ತಿದ್ದೆ. ಆನ್‌ಲೈನಿನಲ್ಲಿ ನನ್ನ ಹೆಸರು "ಕೃಷ್ಣಾತೀರದ ಕಿಡಿ". ಕೃಷ್ಣಾ ನದಿ ನಮ್ಮೂರಿಂದ ಎರಡು ಬಸ್ಸು ಬದಲಿಸುವಷ್ಟು ದೂರ ಎಂಬುದನ್ನು ಯಾರೂ ಕೇಳಲಿಲ್ಲ.

ಯಂತ್ರ ಮತ್ತು ರಾಜಕಾರಣ, ಇವೆರಡೇ ನನ್ನ ವಿಷಯ. ಕರೆಂಟಿನ ಟ್ರ್ಯಾಕ್ಟರು ಕಬ್ಬಿನ ಎರಡು ಟ್ರೇಲರು ಎಳೆಯುತ್ತದೋ ಇಲ್ಲವೋ ಎಂದು ಒಬ್ಬನ ಜೊತೆ ಮೂರು ದಿನ ವಾದಿಸಿದೆ. ಅವನ ಹೆಸರಿನ ಪಕ್ಕ ಹುಲಿಯ ಚಿತ್ರವಿತ್ತು, ಮಾತೂ ಹಾಗೇ ಇತ್ತು. ಕೊನೆಗೆ ನೋಡಿದರೆ ರಾಯಬಾಗದ ಒಂಬತ್ತನೆಯ ಇಯತ್ತೆಯ ಹುಡುಗ. ಅವರ ಮನೆಯಲ್ಲಿ ಟ್ರ್ಯಾಕ್ಟರೇ ಇರಲಿಲ್ಲ. ನಮ್ಮ ಮನೆಯಲ್ಲಿಯೂ ಇರಲಿಲ್ಲವೆಂದು ನಾನು ಅವನಿಗೆ ಹೇಳಲಿಲ್ಲ. ಅವ್ವ ಕೆಳಗಿನಿಂದ, "ಅಗ ಪೋರಿ, ಕೆಮಿಸ್ಟ್ರಿ ಬರಿಯಾಕಿ ರಾಜಕಾರಣ ಬರಿಯಾಕತ್ತಿ, ನಿನಗ ಮಾರ್ಕ್ಸ್ ಯಾರ ಕೊಡತಾರ, ಎಮ್ಮೆಲ್ಲೆ ಕೊಡತಾನೇನ?" ಎಂದು ಕೂಗುತ್ತಿದ್ದಳು. ಆ ಹಪ್ಪಳ ಕಾಗೆ ಒಯ್ದರೂ ನನಗೆ ತಿಳಿಯುತ್ತಿರಲಿಲ್ಲ.

ಇಷ್ಟೆಲ್ಲ ವಾದಿಸಿದರೂ ನನ್ನ ಮಾತನ್ನು ಮಾತೆಂದು ಹಿಡಿದು ಉತ್ತರ ಕೊಡುತ್ತಿದ್ದವರು ಜಗತ್ತಿನಲ್ಲಿ ಒಬ್ಬರೇ. ಅವರು ರಾಯಪ್ಪ ಕಾಕಾ. ಅಜ್ಜನ ಕೊನೆಯ ತಮ್ಮ. ಲೆಕ್ಕಕ್ಕೆ ಅವರು ನನಗೆ ಸಣ್ಣಜ್ಜ ಆಗಬೇಕು, ಅಪ್ಪನಿಗೆ ಕಾಕಾ. ಆದರೆ ಇಡೀ ಊರೇ ಕಾಕಾ ಎನ್ನುತ್ತಿದ್ದದ್ದರಿಂದ ನನಗೂ ಕಾಕಾ. ಮೂವತ್ತು ವರ್ಷ ಒಂದು ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ, ಅಂದರೆ ಕಬ್ಬಿನ ಗಾಡಿ ತೂಗುವ ತಕ್ಕಡಿಮನೆಯಲ್ಲಿ, ಕಾರಕೂನರಾಗಿದ್ದು ನಿವೃತ್ತರಾದವರು. ನಮ್ಮ ಸೀಮೆಯಲ್ಲಿ ಕಾಟಾದ ಕಾರಕೂನ ಎಂದರೆ ಮಂದಿ ಬೆನ್ನ ಹಿಂದೆ ಇನ್ನೊಂದು ಹೆಸರಿಟ್ಟೇ ಮಾತಾಡುವುದು. ತೂಕ ಹೊಡೆಯುತ್ತಾನೆ ಎಂಬ ಗುಮಾನಿ ಆ ಕುರ್ಚಿಗೇ ಅಂಟಿದ್ದು. ಕಾಕಾನ ವಿಷಯದಲ್ಲಿ ಮಾತ್ರ ಯಾರೂ ಹಾಗೆ ಅಂದದ್ದಿಲ್ಲ. "ರಾಯಪ್ಪನ ಕೈಯಾಗ ಕಾಟಾದ ಮುಳ್ಳು ಹಂದ್ಯಾಡಂಗಿಲ್ಲ" ಎಂಬುದು ಊರಿನ ಮಾತಾಗಿತ್ತು. ಆಸ್ತಿ ಎಂದು ಅವರಿಗಿದ್ದದ್ದು ಒಂದೂವರೆ ಎಕರೆ ಮತ್ತು ಈ ಮಾತು.

ಕಾಕಾನಿಗೆ ಮೊಬೈಲು ಕಲಿಸಿದವಳು ನಾನೇ. ಕಲಿಸಿದ ಎಂಟು ದಿನಕ್ಕೆ ಪಶ್ಚಾತ್ತಾಪ ಪಟ್ಟವಳೂ ನಾನೇ. ಊರಿನವರದೇ ಒಂದು ಗ್ರೂಪಿತ್ತು, ಇನ್ನೂರಕ್ಕೂ ಹೆಚ್ಚು ಜನ. ಎಮ್ಮೆ ಮಾರುವುದಿದೆ, ನೀರು ಬಿಟ್ಟಿದ್ದಾರೆ, ಇಂಥವರು ತೀರಿಕೊಂಡರು, ಶುಭೋದಯದ ಗುಲಾಬಿ ಹೂವು, ಇವಿಷ್ಟರಲ್ಲಿ ಅದು ಶಾಂತವಾಗಿ ನಡೆದಿತ್ತು. ನಾನು ಮತ್ತು ಕಾಕಾ ಸೇರಿ ಅದನ್ನು ಕುಸ್ತಿಯ ಕಣ ಮಾಡಿದೆವು. ಅವರು ಒಂದೇ ಬೆರಳಿನಿಂದ ತಪ್ಪಿಲ್ಲದ ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದರು. ನಾನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದೆ. "ಕನ್ನಡಕ್ಕ ಇಂಗ್ಲಿಷ್ ಅಂಗಿ ಹಾಕಿ ಯಾಕ ತಿರಗಸ್ತಿ? ಮೈಗಿ ಹತ್ತಂಗಿಲ್ಲ ಅದು" ಎನ್ನುತ್ತಿದ್ದರು ಕಾಕಾ. ನನಗೆ ಅದು ವೇಗದ ಪ್ರಶ್ನೆ. ಇಂಗ್ಲಿಷ್ ಅಕ್ಷರದಲ್ಲಿ ಅಜ್ಜ ಹಳ್ಳಿಗೆ ಹೋದರೂ ಓದುವವರಿಗೆ ಹಲ್ಲಿಗೆ ಹೋದ ಹಾಗೆ ಕಾಣುತ್ತದೆ ಎಂಬುದು ನಿಜ, ಆದರೆ ಬಸ್ಸು ಬರುವುದರೊಳಗೆ ನಾಲ್ಕು ಸಾಲು ಬರೆದು ಮುಗಿಯುತ್ತದೆ.

ಒಮ್ಮೆ ನಾನು, ಪಂಚಾಯಿತಿಗೆ ಅಧ್ಯಕ್ಷರೇ ಬೇಡ, ಒಂದು ರೋಬೋಟು ಕೂರಿಸಿರಿ ಎಂದು ಬರೆದೆ. ಕಾಕಾ ಬರೆದರು: "ರೋಬೋಟು ಮದುವೆಗೆ ಕರೆದರೆ ಬರುತ್ತದೆಯೆ? ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತದೆಯೆ? ಊಟ ಮಾಡದವನಿಗೆ ಈ ಊರಲ್ಲಿ ಯಾರು ಓಟು ಹಾಕುತ್ತಾರೆ?" ನಾನು ಕೂಡಲೇ, "ಊಟಾ ಮಾಡಂಗಿಲ್ಲ ಅಂದ್ರ ತಿನ್ನಂಗನೂ ಇಲ್ಲ ಕಾಕಾ" ಎಂದು ಹಾಕಿದೆ. ಎಮ್ಮೆ ಮಾರುವವರೂ ನಕ್ಕರು, ಗುಲಾಬಿ ಹೂವಿನವರೂ ನಕ್ಕರು. ಮರುದಿನ ಎದುರಾದ ಕಾಕಾ, "ನಿನ್ನಿ ನೀ ಗೆದ್ದಿ. ಇವತ್ತ ಬಾ ನೋಡೂನು" ಎಂದು ಹೋದರು. ನಾನು ಗೆದ್ದೆ ಎಂದು ಯಾರಾದರೂ ದೊಡ್ಡವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಎಲ್ಲರಿಗೂ ಇದು ಹಿಡಿಸಲಿಲ್ಲ. ಹಿರಿಯರೊಬ್ಬರು, ಹುಡುಗಿ ಬಹಳ ಮಾತಾಡುತ್ತಾಳೆ, ಮನೆಯವರು ನೋಡಿಕೊಳ್ಳಬೇಕು ಎಂದು ಬರೆದರು. ನಾನು ಮಾಳಿಗೆಯ ಮೇಲೆ ಬಿಸಿಯಾಗಿ ನಿಂತಿದ್ದೆ. ನಾನು ಏನನ್ನಾದರೂ ಬರೆಯುವ ಮೊದಲೇ ಕಾಕಾನ ಅಕ್ಷರ ಮೂಡಿತು: "ಆಕೆಯ ಮಾತಿಗೆ ಮಾತು ಕೊಡಿ. ಮಾತಿಲ್ಲದಿದ್ದರೆ ಗುಲಾಬಿ ಕೊಡಿ." ಅವತ್ತಿನಿಂದ ಆ ಗ್ರೂಪಿನಲ್ಲಿ ನನ್ನ ಜಾಗ ಗಟ್ಟಿಯಾಯಿತು. ನನ್ನನ್ನು ಅವರು "ಓಟಿಲ್ಲದ ಪುಢಾರಿ" ಎಂದು ಕರೆಯತೊಡಗಿದ್ದೂ ಆಗಲೇ.

ಹೀಗಿರುವಾಗ ಊರ ಹಾಲಿನ ಡೇರಿಯ ಕಮಿಟಿಗೆ ಚುನಾವಣೆ ಬಂತು. ಕಾಕಾ ನಿಂತರು. ಅವರದು ಒಂದೇ ಮಾತು: ಡೇರಿಯ ಕಾಟಾದ ಮುಖ ಮಂದಿಯ ಕಡೆ ತಿರುಗಿರಬೇಕು, ಹಾಲು ಹಾಕುವ ಹೆಂಗಸರಿಗೆ ತೂಕ ಕಣ್ಣಿಗೆ ಕಾಣಬೇಕು. ನಾನು ಅಷ್ಟಕ್ಕೆ ಒಪ್ಪುವವಳೇ? ಕಾಟಾದ ಮುಖ ತಿರುಗಿಸುವುದು ಹಳೆಯ ಕಾಲದ ಮಾತು, ತೂಕವನ್ನೂ ಫ್ಯಾಟನ್ನೂ ತಾನೇ ನೋಡಿ ಸೀದಾ ಮೊಬೈಲಿಗೆ ಕಳಿಸುವ ಮಷಿನ್ ತರಿಸಿರಿ, ನಡುವೆ ಬರೆಯುವ ಮನುಷ್ಯನೇ ಬೇಡ ಎಂದೆ. ಕಾಕಾ, "ಮಷಿನ್ ಬರಲಿ. ಆದರೆ ಮಷಿನ್ ಹೇಳಿದ್ದನ್ನು ಒಪ್ಪಿಕೊಳ್ಳುವ ಮನುಷ್ಯ ಬೇಕು" ಎಂದರು. ವಾದ ನಾಲ್ಕು ದಿನ ನಡೆಯಿತು. ಎದುರು ಪ್ಯಾನೆಲ್ಲಿನವರು ಬಾಯಿ ಮುಚ್ಚಿಕೊಂಡು ಓದುತ್ತಿದ್ದರು.

ಐದನೆಯ ದಿನ ಮಧ್ಯಾಹ್ನ ನಾನು ಚಿಕ್ಕೋಡಿಯ ಬಸ್ ನಿಲ್ದಾಣದಲ್ಲಿದ್ದೆ. ಕಾಕಾನ ಹೊಸ ಉತ್ತರ ಬಂದಿತ್ತು, ನಮ್ಮ ಬಸ್ಸೂ ಬಂದಿತ್ತು. ಒಂದು ಕೈಯಲ್ಲಿ ಕಿಟಕಿಯೊಳಗೆ ಪ್ರಾಕ್ಟಿಕಲ್ ಪುಸ್ತಕ ತೂರಿಸಿ ಸೀಟು ಹಿಡಿಯುತ್ತ, ಇನ್ನೊಂದು ಕೈಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದೆ: "ಮಷಿನ್ ಸುಳ್ಳ ಹೇಳಂಗಿಲ್ಲ ಕಾಕಾ ಕಳ್ಳ". ಮಷಿನ್ ಸುಳ್ಳು ಹೇಳುವುದಿಲ್ಲ ಕಾಕಾ, ತಿಳಿಯಿತೆ? ಇಷ್ಟೇ ನನ್ನ ಮಾತು. ಅಲ್ಪವಿರಾಮಕ್ಕೆ ಪುರುಸೊತ್ತಿರಲಿಲ್ಲ, ಪ್ರಶ್ನಾರ್ಥಕಕ್ಕೆ ಗುಂಡಿ ಇರಲಿಲ್ಲ. ಕಳಿಸಿ, ಮೊಬೈಲನ್ನು ಚೀಲಕ್ಕೆ ಹಾಕಿ, ಗೆದ್ದ ಸಮಾಧಾನದಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡಿದೆ.

ಊರಲ್ಲಿ ಇಳಿದಾಗ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಅಂಗಡಿಯವನು ಗ್ಲಾಸು ತೊಳೆಯುವುದನ್ನು ನಿಲ್ಲಿಸಿ, "ಏನ ತಂಗಿ, ಮನಿ ಹಿರ್ಯಾರಿಗೆ ಹಂಗ ಅಂದಿ?" ಎಂದ. "ಹೆಂಗ ಅಂದೆ?" ಎಂದೆ. "ಅದನ್ನ ನನ್ನ ಬಾಯಿಲೆ ಅನಸಬ್ಯಾಡ" ಎಂದು ಮತ್ತೆ ಗ್ಲಾಸಿಗೆ ತಿರುಗಿದ.

ಮೊಬೈಲು ತೆಗೆದೆ. ಎದುರು ಪ್ಯಾನೆಲ್ಲಿನವರು ನನ್ನ ಸಾಲಿನ ಫೋಟೋ ತೆಗೆದು, ಕೆಂಪು ಗೆರೆ ಎಳೆದು, ಕೆಳಗೆ "ಮನೆಯ ಮಗಳೇ ಹೇಳಿದ ಮೇಲೆ ನಾವು ಹೇಳುವುದೇನಿದೆ" ಎಂದು ಕೈಮುಗಿದ ಚಿತ್ರ ಹಾಕಿದ್ದರು. ಅದರ ಕೆಳಗೆ ಐವತ್ತೋ ಅರವತ್ತೋ ಉತ್ತರ. ಎಲ್ಲದರ ಕೊನೆಗೆ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ, ರಾಯಪ್ಪ ಕಾಕಾ ಗ್ರೂಪು ಬಿಟ್ಟಿದ್ದಾರೆ ಎಂದಿತ್ತು.

ನಾನು ಅಲ್ಲಿಯೇ ನಿಂತು ತಿದ್ದುಪಡಿ ಕಳಿಸಿದೆ. ಆ ತಿದ್ದುಪಡಿಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. "ನಾ ಅಂದ ಕಳ್ಳ ಆ ಕಳ್ಳ ಅಲ್ಲ, ನಮ್ಮ ಅವ್ವನ ಕಳ್ಳ, ಈಗರೆ ಕಳ್ಳ" ಎಂದು ಬರೆದಿದ್ದೆ. ಈಗಲಾದರೂ ತಿಳಿಯಿತೆ ಎಂಬ ಅರ್ಥ ಸ್ಪಷ್ಟವಾಗಿಯೇ ಇತ್ತು, ನನಗೆ. ಉತ್ತರ ಕೂಡಲೇ ಬಂತು: "ಮೊದಲು ಒಂದ ಸಲ ಅಂದಿದ್ದಳು, ಈಗ ನಾಕ ಸಲ ಅಂದಳು." ಇನ್ನೊಬ್ಬರು, "ಅವ್ವನ್ನೂ ಸೇರಿಸಿದಳು" ಎಂದರು. ನಮ್ಮೂರಲ್ಲಿ ಅರ್ಧಕ್ಕರ್ಧ ಜನಕ್ಕೆ ಮರಾಠಿ ಗೊತ್ತು. ಸಂತೆಗೆ ಗಡಿ ದಾಟುತ್ತಾರೆ, ಅಲ್ಲಿಂದಲೇ ಹೆಣ್ಣು ತರುತ್ತಾರೆ. ಆದರೆ ಚುನಾವಣೆ ಎಂಟು ದಿನ ದೂರ ಇರುವಾಗ ಯಾರಿಗೂ ಮರಾಠಿ ಬರುತ್ತಿರಲಿಲ್ಲ.

ರಾತ್ರಿ ಊಟ ಸೇರಲಿಲ್ಲ. ಅಪ್ಪ, "ಓಟ ಹೋದ್ರ ಹೋಗಲಿ. ಕಾಕಾನ ಹೆಸರ ಹೋತಲ್ಲವಾ" ಎಂದಷ್ಟೇ ಹೇಳಿ ಎದ್ದರು. ಬೈದಿದ್ದರೆ ಚೆನ್ನಾಗಿತ್ತು. ನನಗೆ ಇನ್ನೊಂದು ಭಯವೂ ಇತ್ತು, ಅದನ್ನು ಅಪ್ಪನಿಗೆ ಹೇಳಲಿಲ್ಲ. ಕಾಕಾ ಇನ್ನು ನನ್ನ ಜೊತೆ ವಾದಕ್ಕೆ ಇಳಿಯದಿದ್ದರೆ ನಾನು ಮತ್ತೆ ಬಹಳ ಮಾತಾಡುವ ಹುಡುಗಿ ಅಷ್ಟೇ ಆಗುತ್ತೇನೆ. ಸ್ವಾರ್ಥ ಎನ್ನಿ, ಆದರೆ ಕಣ್ಣೀರು ಬಂದದ್ದು ಅದಕ್ಕೇ.

ಬೆಳಿಗ್ಗೆ ಅವರ ಮನೆಗೆ ಹೋದೆ. ಕಾಕಾ ಅಂಗಳದಲ್ಲಿ ಕೂತು ಎಮ್ಮೆಯ ಕಣ್ಣಿ ಹೊಸೆಯುತ್ತಿದ್ದರು. ನೋಡಿ, "ಬಾ ಪುಢಾರಿ" ಎನ್ನಲಿಲ್ಲ. "ಕುಂದರ" ಎಂದರು. ನಾನು ಕೂರದೆ, ನಿಂತೇ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಪ್ಪಿಸಿದೆ. ಅದು ಮರಾಠಿ ಶಬ್ದ, ಅವ್ವನ ರೂಢಿ, ಮೊಬೈಲಿನ ಗಾಜು, ಪ್ರಶ್ನಾರ್ಥಕ, ಬಸ್ಸು.

"ನಂಗ ಗೊತ್ತಿಲ್ಲೇನ?" ಎಂದರು ಕಾಕಾ. "ನಿಮ್ಮವ್ವ ಈ ಮನಿತನಕ್ಕ ಬಂದಾಗಿಂದ ಕೇಳಾಕತ್ತೇನಿ. ಚಾ ಕೊಟ್ರೂ ಕಳ್ಳ, ನೀರ ಕೊಟ್ರೂ ಕಳ್ಳ."

"ಮತ್ತ ಗ್ರೂಪ್ ಯಾಕ ಬಿಟ್ರಿ?"

ಕಾಕಾ ಹೊಸೆಯುವುದನ್ನು ನಿಲ್ಲಿಸಿದರು. "ಓದಿದ ಕೂಡ್ಲೆ ನಿಮ್ಮವ್ವನ ಮರಾಠಿ ನೆನಪಿಗೆ ಬರಬೇಕಾಗಿತ್ತು, ಬರಲಿಲ್ಲ. ಕನ್ನಡದ ಕಳ್ಳನ ಎದ್ದು ನಿಂತ. ಒಂದ ಸಲ ಆಗೇತಿ, ವೈಶಾಲಿ. ಒಬ್ಬರ ಗಾಡಿಗೆ ಎರಡ ಕ್ವಿಂಟಲ್ ಹೆಚ್ಚ ಬರದೇನಿ."

ನಾನು ಈಗ ಕೂತೆ. "ಯಾರ ಗಾಡಿ ಕಾಕಾ?"

"ನಿಮ್ಮ ಅಜ್ಜಂದು."

ಆಗ ಕಬ್ಬು ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದ ಕಾಲವಂತೆ. ಅಜ್ಜ ಹಿಂದಿನ ದಿನದಿಂದ ಪಾಳಿಯಲ್ಲಿ ನಿಂತು, ಬಿಸಿಲಿಗೆ ಕಬ್ಬು ಒಣಗುತ್ತ ತೂಕ ಕಳೆದುಕೊಳ್ಳುವುದನ್ನು ನೋಡುತ್ತ, ಕೊನೆಗೆ ತಮ್ಮನ ಕಾಟಾದ ಮೇಲೆ ಗಾಡಿ ಹತ್ತಿಸಿದರಂತೆ. "ಅಣ್ಣ ಏನೂ ಕೇಳಲಿಲ್ಲ. ಸುಮ್ಮ ಮುಳ್ಳ ನೋಡಾಕತ್ತಿದ್ದ. ಆ ಮಾರಿ ನೋಡಿದ್ನಿ, ಕೈ ತಾನ ಬರೀತು" ಎಂದರು ಕಾಕಾ. ಅಜ್ಜನಿಗೆ ಅದು ಕೊನೆಯವರೆಗೂ ತಿಳಿಯಲಿಲ್ಲವಂತೆ. ಆ ವರ್ಷ ತನ್ನ ಕಬ್ಬು ಚೆನ್ನಾಗಿ ತೂಗಿತೆಂದು ಹೆಮ್ಮೆಯಿಂದ ಎರಡು ವರ್ಷ ಅದೇ ಬೀಜ ಹಚ್ಚಿದರಂತೆ.

ನನಗೆ ನಗು ಬಂತು, ನಗುವ ಹೊತ್ತಲ್ಲವೆಂದು ತುಟಿ ಕಚ್ಚಿಕೊಂಡೆ. ಕಾಕಾ ನಗಲಿಲ್ಲ. "ಮೊಬೈಲ್ ತಗಿ" ಎಂದರು. "ನಾ ಗ್ರೂಪ್ ಬಿಟ್ಟೇನಿ, ನೀನ ಬರಿ. ನಾ ಹೇಳಿದಷ್ಟ ಬರಿ. ಇವತ್ತ ನೀ ಮಷಿನ್. ಮತ್ತ ಕನ್ನಡ ಅಕ್ಷರದಾಗ ಬರಿ, ಎರಡ ಅರ್ಥ ಆಗಬಾರದು."

"ಕಾಕಾ, ಇದು ಯಾರಿಗೂ ಗೊತ್ತಿಲ್ಲ. ಮರಾಠಿ ಅಂತ ನಾ ಅವ್ವನ ಕಡಿಂದ ಹೇಳಸ್ತೇನಿ, ಮುಗೀತು. ಏಳ ದಿನ ಐತಿ ಚುನಾವಣಿಗೆ."

"ಕಾಟಾದ ಮುಖ ಮಂದಿ ಕಡೆ ತಿರಗಸ್ರಿ ಅಂತ ಓಟ ಕೇಳಾಕತ್ತೇನಿ. ನಂ ಮುಖ ತಿರಗಸದ ಹೆಂಗ ಕೇಳ್ಲಿ?"

ನಾನು ಮೊಬೈಲು ತೆಗೆದೆ. ಅವರು ಹೇಳಿದರು, ನಾನು ಬರೆದೆ. ಕನ್ನಡದ ಅಕ್ಷರಗಳು ಎಲ್ಲೆಲ್ಲಿ ಅಡಗಿವೆಯೆಂದು ಹುಡುಕುತ್ತ, ಒಂದು ಒತ್ತಕ್ಷರಕ್ಕೆ ಮೂರು ಸಲ ಅಳಿಸುತ್ತ, ನಾಲ್ಕು ವಾಕ್ಯಕ್ಕೆ ಅರ್ಧ ತಾಸು ಹಿಡಿಯಿತು. ಎಮ್ಮೆಯೂ ಬೇಸತ್ತು ಮಲಗಿತು. "ಓದು" ಎಂದರು ಕಾಕಾ. ಓದಿದೆ: "ನಾನು ರಾಯಪ್ಪ. ಹುಡುಗಿ ಅಂದದ್ದು ಮರಾಠಿ, ಆಕೆಯದು ತಪ್ಪಿಲ್ಲ. ಆದರೆ ಮೂವತ್ತು ವರ್ಷದಲ್ಲಿ ಒಂದು ಸಲ, ಅಣ್ಣನ ಮೇಲಿನ ಪ್ರೀತಿಯಿಂದ, ನಾನು ಆತನ ಗಾಡಿಗೆ ಎರಡು ಕ್ವಿಂಟಲ್ ಹೆಚ್ಚು ಬರೆದೆ. ಇದನ್ನು ತಿಳಿದು ಓಟು ಹಾಕಿರಿ."

"ಪ್ರೀತಿಯಿಂದ ಅಂತ ನಾ ಯಾವಾಗ ಅಂದ್ನಿ?" ಎಂದರು ಕಾಕಾ.

ಅಂದಿರಲಿಲ್ಲ. ನಾನೇ ಸೇರಿಸಿದ್ದೆ. "ಮೂರ ಶಬ್ದ ಕಾಕಾ. ಇರ್ಲಿ ಬಿಡ್ರಿ, ಏನಾಗತೈತಿ" ಎಂದೆ.

"ನಾನೂ ಅವತ್ತ ಹಂಗ ಅಂದ್ಕೊಂಡಿದ್ನಿ. ಎರಡ ಕ್ವಿಂಟಲ್, ಇರ್ಲಿ ಬಿಡು, ಏನಾಗತೈತಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ತಲೆ ಬಗ್ಗಿಸಿ ಆ ಮೂರು ಶಬ್ದಗಳನ್ನು ಅಳಿಸಿದೆ. ಮನುಷ್ಯ ಬೇಡ, ಮಷಿನ್ ಸಾಕು ಎಂದು ಊರಿಗೆಲ್ಲ ಬೋಧಿಸಿದ ನಾನು, ಮಷಿನ್ ಆಗಿ ಕೂತ ಮೊದಲ ಅರ್ಧ ತಾಸಿನಲ್ಲೇ ತೂಕ ಹೆಚ್ಚಿಸಿದ್ದೆ. ಉಳಿದಷ್ಟನ್ನು ಕಳಿಸಿದೆ.

ಗ್ರೂಪಿನವರು ಇನ್ನು ಕಾಕಾನ ಮರ್ಯಾದೆ ತೆಗೆಯುತ್ತಾರೆಂದು ನಾನು ಮೊಬೈಲನ್ನೇ ನೋಡುತ್ತ ಕೂತಿದ್ದೆ. ಮೊದಲ ಉತ್ತರ ಬಂತು: "ನಮ್ಮ ಗಾಡಿನೂ ಅದ ಪಾಳಿಯಾಗ ಇತ್ತಲ್ಲ ಕಾಕಾ. ಅದಕ್ಕ ಯಾಕ ಬರೀಲಿಲ್ಲ?" ಎರಡನೆಯದು: "ಅಣ್ಣಗಷ್ಟ ಕೈ ಓಡತೈತೇನ? ನಾವೇನ ಹೊರಗಿನವ್ರ?" ಮೂರನೆಯವರು, ತಮ್ಮ ತಂದೆ ಪ್ರತಿ ವರ್ಷ ಕಾಕಾನಿಗೆ ಹಸಿ ಕಡಲೆ ತಂದುಕೊಡುತ್ತಿದ್ದರೂ ಒಂದು ಕಿಲೋ ಕೂಡ ಹೆಚ್ಚು ಬರೆಯಲಿಲ್ಲವೆಂದು ಉದ್ದದ ದೂರು ಬರೆದರು. ಸಂಜೆಯ ಹೊತ್ತಿಗೆ ಊರು ಎರಡು ಪಕ್ಷವಾಗಿತ್ತು. ಹೆಚ್ಚು ಬರೆದದ್ದು ತಪ್ಪು ಎನ್ನುವವರು ಕೈಬೆರಳಿನಷ್ಟು. ನಮಗೆ ಬರೆಯಲಿಲ್ಲ, ಅದೇ ತಪ್ಪು ಎನ್ನುವವರು ಊರ ತುಂಬ. ನಾನು ಒಂದೊಂದನ್ನೇ ಓದಿ ಹೇಳುತ್ತಿದ್ದರೆ ಕಾಕಾ ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ಕಡಲೆಯ ದೂರಿಗೆ ಬಂದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ರಾಜಕಾರಣದ ಬಗ್ಗೆ ನಾನು ಆನ್‌ಲೈನಿನಲ್ಲಿ ಎರಡು ವರ್ಷ ವಾದಿಸಿ ಕಲಿಯದ್ದನ್ನು ಆ ಒಂದು ಸಂಜೆ ಕಲಿತೆ.

ಚುನಾವಣೆಯಲ್ಲಿ ಕಾಕಾ ಹನ್ನೊಂದು ಮತಗಳಿಂದ ಸೋತರು. ಎಣಿಕೆ ಶಾಲೆಯ ಕೋಣೆಯಲ್ಲಿ, ಚೀಟಿ ಬಿಡಿಸಿ ಬಿಡಿಸಿ, ಕೈಯಿಂದಲೇ ನಡೆಯಿತು. ಹೊರಗೆ ಬಂದ ಕಾಕಾ ಎದುರಾಳಿಗೆ ತಾವೇ ಹಾರ ಹಾಕಿ, ನನ್ನ ಕಡೆ ನೋಡದೆ, ಪಂಚೆಯ ಚುಂಗು ಹಿಡಿದು ಮನೆಗೆ ಹೋದರು. ನಾನು ಹಿಂದೆ ಹೋಗಲಿಲ್ಲ. ಹೋಗಿ ಏನು ಹೇಳಲಿ? ಸೋತದ್ದು ಎರಡು ಕ್ವಿಂಟಲಿಗೋ ನನ್ನ ಒಂದು ಶಬ್ದಕ್ಕೋ ಎಂದು ಯಾವ ಕಾಟಾ ತೂಗಿ ಹೇಳುತ್ತದೆ? ಆ ದಿನ ಮಾಳಿಗೆ ಹತ್ತಲಿಲ್ಲ. ಮರುದಿನವೂ ಹತ್ತಲಿಲ್ಲ. ಕೃಷ್ಣಾತೀರದ ಕಿಡಿ ಕೆಳಗಿನ ಕೋಣೆಯಲ್ಲಿ ಕೂತು ನಿಜವಾಗಿಯೇ ಕೆಮಿಸ್ಟ್ರಿ ಓದುವುದನ್ನು ಕಂಡು ಅವ್ವ ಬಂದು ಹಣೆ ಮುಟ್ಟಿ ಜ್ವರ ನೋಡಿದಳು.

ಮೂರನೆಯ ದಿನ ಬೆಳಿಗ್ಗೆ, ಹಪ್ಪಳ ತರಲು ಅವ್ವ ಮಾಳಿಗೆಗೆ ಅಟ್ಟಿದಳು. ಪೂರ್ವದ ಮೂಲೆಗೆ ಬರುತ್ತಲೇ ಜೇಬಿನಲ್ಲಿದ್ದ ಮೊಬೈಲು ಮಿಸುಕಿತು. ರಾಯಪ್ಪ ಕಾಕಾ ಗ್ರೂಪಿಗೆ ಮರಳಿದ್ದರು. ಬಂದವರೇ, ಎಮ್ಮೆ ಮಾರುವವರ, ಗುಲಾಬಿ ಹೂವಿನವರ, ಗೆದ್ದವರ, ಓಟು ಹಾಕಿದವರ, ಹಾಕದವರ, ಇನ್ನೂರಕ್ಕೂ ಹೆಚ್ಚು ಮಂದಿಯ ಎದುರಿಗೆ ನನ್ನ ಹೆಸರು ಹಿಡಿದು ಬರೆದಿದ್ದರು: "ವೈಶಾಲಿ, ಎಣಿಕೆ ಮಷಿನ್‌ನಲ್ಲಿ ಆಗಿದ್ದರೂ ನಾನು ಸೋಲುತ್ತಿದ್ದೆ. ಇದು ನನ್ನ ವಾದ. ನಿನ್ನದೇನು?"

ಮರುದಿನ ನನಗೆ ಪರೀಕ್ಷೆಯಿತ್ತು. ನಾನು ಹಪ್ಪಳದ ಚಾಪೆಯನ್ನು ಬದಿಗೆ ಸರಿಸಿ, ಬಿಸಿಲಿಗೆ ಬೆನ್ನು ಹಾಕಿ ಕೂತು, ಕನ್ನಡ ಅಕ್ಷರಗಳನ್ನು ಒಂದೊಂದಾಗಿ ಹುಡುಕತೊಡಗಿದೆ.